ವಿದ್ಯಾರ್ಥಿ ಭವನ: ಗೋಡೆ ಪಕ್ಕದ ಕುರ್ಚಿ, ಅರ್ಧ ಲೋಟ ಕಾಫಿ

ವಾರದ ನಡುವೆ ಹೋಗಿ. ಬೆಳಗ್ಗೆ ಏಳೂಕಾಲಿನೊಳಗೆ ಹೋಗಿ. ಒಳಗೆ ಕಾಲಿಟ್ಟ ಕೂಡಲೇ ಬಲಗೈ ಗೋಡೆಯ ಕಡೆಗೆ ಬರುವಂಥ ಜಾಗ ನೋಡಿಕೊಳ್ಳಿ. ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲಿನ ಬಗ್ಗೆ, ಲೋಟ ಎತ್ತುವಾಗ ಕೈ ನಡುಗುವವರಿಗೆ ನಾನು ಹೇಳುವ ಮೊದಲ ಮಾತು ಇದು. ಅಲ್ಲಿಯ ದೋಸೆ ಹೇಗಿದೆ ಅಂತ 1943ರಿಂದ ಜನ ಹೇಳುತ್ತಲೇ ಇದ್ದಾರೆ. ಕೈ ನಡುಗುವ ಮನುಷ್ಯ ಅಲ್ಲಿ ಕೂತು ನೆಮ್ಮದಿಯಾಗಿ ತಿನ್ನಬಹುದೇ ಅಂತ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ ವಿಷಯ. ಅದಕ್ಕೇ ಬರೆಯುತ್ತಿದ್ದೇನೆ.

ನನಗೀಗ 62. ಲೋಕೋಪಯೋಗಿ ಇಲಾಖೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಕೆಲಸಕ್ಕೆ ಸೇರಿದ ಕಾಲದಲ್ಲಿ ಸೇತುವೆ, ಕಟ್ಟಡ, ರಸ್ತೆ ಎಲ್ಲದರ ನಕ್ಷೆಯನ್ನೂ ಟ್ರೇಸಿಂಗ್ ಕಾಗದದ ಮೇಲೆ ಇಂಕಿನ ಪೆನ್ನಿನಿಂದಲೇ ಎಳೆಯಬೇಕಿತ್ತು. ಗೆರೆ ಒಂದು ಕೂದಲಿನಷ್ಟು ಆಚೀಚೆ ಆದರೂ ಬ್ಲೇಡಿನಲ್ಲಿ ಕೆರೆದು ಮತ್ತೆ ಎಳೆಯಬೇಕು. ನಾನು ಬ್ಲೇಡ್ ಹಿಡಿದದ್ದು ಬಹಳ ಕಡಿಮೆ. ಕಚೇರಿಯಲ್ಲಿ ಕಷ್ಟದ ಹಾಳೆಗಳು ನನ್ನ ಮೇಜಿಗೇ ಬರುತ್ತಿದ್ದವು. ನಲವತ್ತಾರನೇ ವಯಸ್ಸಿನಲ್ಲಿ ಕೈ ನಡುಗಲು ಶುರುವಾದಾಗ ಕೆಲಸವೆಲ್ಲ ಕಂಪ್ಯೂಟರಿಗೆ ಬಂದಾಗಿತ್ತು. ಗೆರೆಯನ್ನು ಯಂತ್ರ ಎಳೆಯುತ್ತಿತ್ತು, ನನ್ನ ನಡುಕ ಅದರ ಹಿಂದೆ ಅಡಗಿಕೊಂಡಿತು. ಕಚೇರಿಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಹದಿನಾಲ್ಕು ವರ್ಷ ದೂಡಿದೆ. ಆದರೆ ಕಾಫಿಯ ಹೊತ್ತಿನಲ್ಲಿ ಅಡಗಿಕೊಳ್ಳಲು ಜಾಗವಿರಲಿಲ್ಲ. ಹಾಗಾಗಿ ಕಚೇರಿಯಲ್ಲಿ ಕಾಫಿ ಕುಡಿಯುವುದನ್ನೇ ಬಿಟ್ಟೆ. ಹೊಟ್ಟೆ ಉರಿ ಅಂತ ಹೇಳುತ್ತಿದ್ದೆ.

ವೈದ್ಯರ ಹತ್ತಿರ ಹೋಗಲು ಮೂರು ವರ್ಷ ತಗೊಂಡೆ. ಪಾರ್ಕಿನ್ಸನ್ಸ್ ಅಂದುಬಿಟ್ಟರೆ ಅಂತ ಹೆದರಿಕೆ. ಅಲ್ಲಿ ಒಂದು ಹಾಳೆ ಕೊಟ್ಟು, ಕೈಯನ್ನು ಮೇಜಿಗೆ ಊರದೆ ಒಳಗಿನಿಂದ ಹೊರಗೆ ಒಂದು ಸುರುಳಿ ಬರೆಯಿರಿ ಅಂದರು. ನಾನು ಬರೆದ ಸುರುಳಿಯ ಗೆರೆ ಉದ್ದಕ್ಕೂ ಗರಗಸದ ಹಲ್ಲಿನ ಹಾಗಿತ್ತು. ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತಾ ಕೂತೆ. ಮೂವತ್ತು ವರ್ಷ ಗೆರೆ ಎಳೆದ ಕೈ ಅದು ಅಂತ ಆ ವೈದ್ಯರಿಗೆ ಹೇಳಬೇಕು ಅನಿಸಿತು, ಹೇಳಲಿಲ್ಲ. ಅವರೇ ನಿಧಾನವಾಗಿ ವಿವರಿಸಿದರು. ಪಾರ್ಕಿನ್ಸನ್ಸ್‌ನಲ್ಲಿ ಸಾಮಾನ್ಯವಾಗಿ ಕೈ ಸುಮ್ಮನೆ ತೊಡೆಯ ಮೇಲಿದ್ದಾಗ ನಡುಗುತ್ತದೆ. ನನ್ನದು ತೊಡೆಯ ಮೇಲಿದ್ದಾಗ ಕಲ್ಲಿನಂತಿರುತ್ತದೆ, ಏನಾದರೂ ಎತ್ತಿದಾಗ ನಡುಗುತ್ತದೆ. ಇದರ ಹೆಸರು ಎಸೆನ್ಷಿಯಲ್ ಟ್ರೆಮರ್. ಸೆಕೆಂಡಿಗೆ 4ರಿಂದ 12 ಸಲ ಕೈ ಅಲುಗುತ್ತದೆ. ಕೆಲವರಿಗೆ ತಲೆಯೂ ದನಿಯೂ ನಡುಗುತ್ತವೆ. ವಂಶದಲ್ಲಿ ಹರಿಯುವ ಬಗೆಯಾದರೆ ಮಕ್ಕಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಪ್ರೊಪ್ರನೊಲಾಲ್ ಅನ್ನುವ ಮಾತ್ರೆ ಬರೆದುಕೊಟ್ಟರು. ಅದು ಎದೆಬಡಿತಕ್ಕೂ ರಕ್ತದೊತ್ತಡಕ್ಕೂ ಕೊಡುವ ಮಾತ್ರೆ, ಅಸ್ತಮಾ ಇರುವವರಿಗೆ ಕೊಡುವುದಿಲ್ಲವಂತೆ. ‘ನಡುಕ ಹೋಗೋದಿಲ್ಲ, ತಗ್ಗುತ್ತೆ’ ಅಂದರು. ತಗ್ಗಿದೆ. ಅಂಗಿಯ ಗುಂಡಿ ಈಗ ನಾನೇ ಹಾಕಿಕೊಳ್ಳುತ್ತೇನೆ.

ನನ್ನ ಮಟ್ಟಿಗೆ ಮಾತ್ರೆ ಅಷ್ಟಾಗಿ ಮುಟ್ಟದ ಭಾಗ ಒಂದಿದೆ, ಯಾರಾದರೂ ನೋಡುತ್ತಿದ್ದಾಗ ಹೆಚ್ಚಾಗುವ ನಡುಕ. ಮನೆಯಲ್ಲಿ ಒಬ್ಬನೇ ಇದ್ದಾಗ ಮುಕ್ಕಾಲು ಲೋಟ ಕಾಫಿಯನ್ನು ಚೆಲ್ಲದೆ ಕುಡಿಯುತ್ತೇನೆ. ಎದುರಿಗೆ ಬೀಗರು ಕೂತರೆ ಅದೇ ಲೋಟ ತುಟಿಗೆ ತಲುಪುವುದಿಲ್ಲ. ಮನಸ್ಸು ಗಾಬರಿಯಾದರೆ ಮೈಯಲ್ಲಿ ಅಡ್ರಿನಲಿನ್ ಅನ್ನುವ ಹಾರ್ಮೋನು ಏರುತ್ತದೆ, ಅದು ನಡುಕವನ್ನು ಏರಿಸುತ್ತದೆ, ಏರಿದ ನಡುಕ ನೋಡಿ ಗಾಬರಿ ಇನ್ನೂ ಏರುತ್ತದೆ. ನಿವೃತ್ತಿಯಾದಮೇಲೆ ಬ್ಯಾಂಕೊಂದರಲ್ಲಿ ಸಹಿ ಹೊಂದುತ್ತಿಲ್ಲ ಅಂತ ಇನ್ನೊಮ್ಮೆ, ಮತ್ತೊಮ್ಮೆ ಮಾಡಿಸಿದರು. ಹಿಂದೆ ಸಾಲು ನಿಂತಿತ್ತು. ಮೊದಲ ಸಹಿಗಿಂತ ಎರಡನೆಯದು ಕೆಟ್ಟದಾಗಿತ್ತು, ನಾಲ್ಕನೆಯದು ನನ್ನ ಹೆಸರೇ ಅಲ್ಲ ಅನ್ನುವ ಹಾಗಿತ್ತು.

ಈಗ ಹೋಟೆಲಿನ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಕೈ ನಡುಗುವವರಿಗೆ ಹೋಟೆಲ್ ಅನ್ನುವುದು ಬಹುಮಟ್ಟಿಗೆ ದರ್ಶಿನಿಯ ಕಷ್ಟ. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ಶುರು ಮಾಡಿದಮೇಲೆ ನಿಂತು ತಿನ್ನುವ ಪದ್ಧತಿ ಊರೆಲ್ಲ ಹರಡಿತು. ಕಡಿಮೆ ದುಡ್ಡಿಗೆ ಶುಚಿಯಾದ ತಿಂಡಿ ಎಲ್ಲರಿಗೂ ಸಿಕ್ಕಿತು, ಅದು ದೊಡ್ಡ ಉಪಕಾರ, ನಾನೂ ಇಪ್ಪತ್ತು ವರ್ಷ ಅಲ್ಲೇ ತಿಂದವನು. ಆದರೆ ಕೈ ಕೆಟ್ಟಮೇಲೆ ಅಲ್ಲಿಯ ಒಂದೊಂದು ಹೆಜ್ಜೆಯೂ ಪರೀಕ್ಷೆ. ಟೋಕನ್ ಹಿಡಿದು ಕೌಂಟರಿಗೆ ಹೋಗಬೇಕು. ಇಡ್ಲಿಯ ಮೇಲೆ ಸಾಂಬಾರು ಮುಳುಗುವಷ್ಟು ಸುರಿದ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಜನರ ಮಧ್ಯೆ ದಾರಿ ಮಾಡಿಕೊಂಡು ಮೇಜಿಗೆ ತರಬೇಕು. ಕಾಫಿಯನ್ನು ಎತ್ತರದಿಂದ ಸುರಿದು, ನೊರೆ ಅಂಚು ಮುಟ್ಟುವಷ್ಟು ತುಂಬಿಸಿ, ಕೌಂಟರಿನ ಕಲ್ಲಿನ ಮೇಲೆ ತಳ್ಳುತ್ತಾರೆ. ಆ ಅಂಚಿನವರೆಗಿನ ನೊರೆ ನೋಡಿದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಅದಕ್ಕೆ ನಾನು ಮಾಡಿಕೊಂಡ ಉಪಾಯ ಬೈ ಟು. ಒಬ್ಬನೇ ಹೋಗಿ ‘ಒಂದು ಬೈ ಟು ಕಾಫಿ’ ಅನ್ನುವುದು. ಎರಡು ಲೋಟ, ಎರಡೂ ಅರ್ಧ. ಒಂದನ್ನು ಅಲ್ಲೇ ಕೌಂಟರಿನ ಮೂಲೆಯಲ್ಲಿಟ್ಟು, ಜೊತೆಗಾರರು ಬರುತ್ತಾರೆ ಅನ್ನುವಂತೆ ಬಾಗಿಲ ಕಡೆ ನೋಡುವುದು. ಇನ್ನೊಂದನ್ನು ಕುಡಿಯುವುದು. ಆಮೇಲೆ ಎರಡನೆಯದನ್ನೂ ಕುಡಿಯುವುದು. ಇಲ್ಲದ ಗೆಳೆಯನಿಗೋಸ್ಕರ ದಿನಾ ಹಾಗೆ ನಟಿಸುವುದು ಎಷ್ಟು ಆಯಾಸ ಅಂತ ಅನುಭವಿಸಿದವರಿಗೇ ಗೊತ್ತು.

ನಾಲ್ಕು ವರ್ಷದ ಹಿಂದೆ ಒಂದು ದರ್ಶಿನಿಯಲ್ಲಿ, ಹೆಸರು ಬೇಡ, ತಪ್ಪು ಅವರದೂ ಅಲ್ಲ, ಬೈ ಟು ಇಲ್ಲ ಅಂದರು. ತುಂಬಿದ ಲೋಟವನ್ನೇ ಎತ್ತಿಕೊಂಡೆ. ಯಾರೋ ಹಿಂದಿನಿಂದ ಭುಜ ಸವರಿದರು. ಪಕ್ಕದಲ್ಲಿ ನಿಂತಿದ್ದ ಹುಡುಗನ ಬಿಳಿ ಅಂಗಿಯ ಮೇಲೆ ಅಷ್ಟೂ ಕಾಫಿ ಹೋಯಿತು. ಬಿಸಿ. ಅವನು ಕೂಗಿಕೊಂಡದ್ದು ಸರಿಯೇ. ನಾನು ಕರ್ಚೀಫು ತೆಗೆದು ಒರೆಸಲು ಹೋದೆ, ಕೈ ಇನ್ನೂ ಜೋರಾಗಿ ಕುಣಿಯುತ್ತಿತ್ತು. ಅವನು ಅದನ್ನು ನೋಡಿ, ಪಕ್ಕದವನಿಗೆ ಕೇಳುವ ಹಾಗೆ ಅಂದ: ‘ಬೆಳಗ್ಗೆ ಬೆಳಗ್ಗೆನೇ ಹಾಕ್ಕೊಂಡು ಬಂದಿದಾರೆ.’

ನಾನು ಈವರೆಗೆ ಒಂದು ತೊಟ್ಟು ಮುಟ್ಟಿದವನಲ್ಲ. ಆದರೆ ಆ ಮಾತು ನನಗೆ ಹೊಸದಾಗಿರಲಿಲ್ಲ. ತಿಪಟೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪನ ಬಗ್ಗೆಯೂ ಜನ ಹಾಗೇ ಅನ್ನುತ್ತಿದ್ದರು. ಅಪ್ಪನ ಕೈಯೂ ನಡುಗುತ್ತಿತ್ತು. ಸಂಜೆ ಅಂಗಡಿ ಕಡೆ ಹೋಗ್ತಾನೆ, ಕೈ ನೋಡಿದ್ರೆ ಗೊತ್ತಾಗಲ್ವಾ, ಅಂತ. ಈ ನಡುಕ ಇರುವ ಕೆಲವರಿಗೆ ಒಂದಿಷ್ಟು ಮದ್ಯ ಹೊಟ್ಟೆಗೆ ಹೋದರೆ ಸ್ವಲ್ಪ ಹೊತ್ತು ಕೈ ನಿಲ್ಲುತ್ತದಂತೆ, ಇಳಿದಮೇಲೆ ಮತ್ತೆ ಬರುತ್ತದಂತೆ. ಅಪ್ಪ ಕುಡಿದಿದ್ದರೆ ಊರವರಿಗೆ ನಡುಕ ಕಾಣುತ್ತಲೇ ಇರಲಿಲ್ಲವೇನೋ. ಅವರು ಕಾಫಿ ಕುಡಿಯುವಾಗ ಯಾವಾಗಲೂ ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ನಮ್ಮ ಮನೆಯಲ್ಲಿ ಮಕ್ಕಳೆಲ್ಲ ಅದನ್ನು ಅಪ್ಪನ ಅಭ್ಯಾಸ ಅಂದುಕೊಂಡಿದ್ದೆವು. ಅವರು ಹೋಗಿ ಎಷ್ಟೋ ವರ್ಷಗಳಾದಮೇಲೆ, ಆ ಸುರುಳಿಯ ಹಾಳೆ ಹಿಡಿದು ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ನನಗೆ ಆ ಬೆನ್ನು ನೆನಪಾಯಿತು.

ಆ ಅಂಗಿಯ ಘಟನೆಯ ನಂತರ ಮೂರು ವರ್ಷ ಹೊರಗೆ ಏನೂ ತಿನ್ನಲಿಲ್ಲ, ಕುಡಿಯಲಿಲ್ಲ. ಹೋದ ವರ್ಷ ಒಂದು ಬುಧವಾರ ಬೆಳಗ್ಗೆ ಗಾಂಧಿ ಬಜಾರಿಗೆ ಹೂವು ತರಲು ಹೋದವನು ವಿದ್ಯಾರ್ಥಿ ಭವನದ ಮುಂದೆ ನಿಂತೆ. ಹೊರಗೆ ಕಾಯುವವರು ಯಾರೂ ಇರಲಿಲ್ಲ. ಹಸಿವಾಗಿತ್ತು. ಒಳಗೆ ಹೋದೆ.

ಅಲ್ಲಿ ಮೊದಲ ಅನುಕೂಲ, ಕೂತುಕೊಳ್ಳಬಹುದು, ಬಡಿಸುವವರು ಮೇಜಿಗೇ ತರುತ್ತಾರೆ. ತಟ್ಟೆ ಹೊತ್ತು ನಡೆಯುವ ಕೆಲಸ ನಮಗಿಲ್ಲ. ಎರಡನೆಯದು, ದೋಸೆಗೆ ಸಾಂಬಾರು ಕೊಡುವುದಿಲ್ಲ, ಬರೀ ಚಟ್ನಿ. ಬೇರೆಯವರಿಗೆ ಇದು ಕೊರತೆ ಅನ್ನಿಸಬಹುದು. ನನಗೆ ಅದು ದೊಡ್ಡ ಬಿಡುಗಡೆ. ಚಮಚದಲ್ಲಿ ಸಾಂಬಾರು ಎತ್ತುವುದಕ್ಕಿಂತ ಕಷ್ಟದ ಕೆಲಸ ಈ ಕೈಗೆ ಇನ್ನೊಂದಿಲ್ಲ. ತಟ್ಟೆಯಿಂದ ಬಾಯಿಗೆ ಹೋಗುವ ದಾರಿಯ ಕೊನೆಯ ಎರಡು ಅಂಗುಲದಲ್ಲೇ ನಡುಕ ಜೋರಾಗುವುದು. ಅದೇ ಬೆರಳಿನಿಂದ ಮುರಿದ ದೋಸೆಯ ತುಂಡು ಚೆಲ್ಲುವುದಿಲ್ಲ. ಇಲ್ಲಿಯ ಮಸಾಲೆ ದೋಸೆ ದಪ್ಪ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಒಂದು ಕೈಯಿಂದ ಮುರಿದರೆ ಒಳ್ಳೇ ತುಂಡಾಗಿ ಬರುತ್ತದೆ, ಪಲ್ಯ ಅದರೊಳಗೆ ಕೂತಿರುತ್ತದೆ. ತೆಳ್ಳನೆಯ ಪೇಪರ್ ದೋಸೆ ನನ್ನ ಬೆರಳಲ್ಲಿ ಪುಡಿಯಾಗಿ ಮೇಜೆಲ್ಲ ಹರಡುತ್ತದೆ. ಚಟ್ನಿ ನೀರಾಗಿರುತ್ತದೆ, ನಿಜ. ಅದನ್ನು ಎತ್ತಲು ಹೋಗಬೇಡಿ. ದೋಸೆಯ ಮೇಲೇ ಹಾಕಿಸಿಕೊಳ್ಳಿ, ನೆನೆದ ತುಂಡು ಇನ್ನೂ ಸುಲಭ, ಇನ್ನೂ ರುಚಿ. ಬೆಣ್ಣೆಯ ಪರಿಮಳದ ಬಗ್ಗೆ ನಾನೇನು ಹೇಳಲಿ, ಮೂರು ವರ್ಷ ಹೊರಗೆ ತಿನ್ನದವನು ಮೊದಲ ತುತ್ತಿಗೆ ಕಣ್ಣು ಮುಚ್ಚಿ ಕೂತೆ.

ಕಣ್ಣು ತೆರೆದಾಗ ಬಡಿಸುವವರೊಬ್ಬರು ಬರುತ್ತಿದ್ದರು. ಈ ಹೋಟೆಲಿನ ಆ ದೃಶ್ಯ ನೋಡದವರು ಕಡಿಮೆ. ಪಂಚೆ ಉಟ್ಟ ಬಡಿಸುವವರು ಒಂದೇ ಕೈಯ ಮೇಲೆ, ಅಂಗೈಯಿಂದ ತೋಳಿನವರೆಗೂ ದೋಸೆ ತಟ್ಟೆಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಇಟ್ಟುಕೊಂಡು ಬರುವುದು. ನನ್ನ ಎದುರಿಗೆ ಕೂತಿದ್ದ ಯುವಕ ಫೋನು ಎತ್ತಿ ವಿಡಿಯೋ ಮಾಡತೊಡಗಿದ. ನಾನು ಕೂಡಲೇ ಕೈಯನ್ನು ಮೇಜಿನ ಕೆಳಗಿಟ್ಟೆ. ಆ ಚೌಕಟ್ಟಿನೊಳಗೆ ನನ್ನ ಕೈಯೂ ಬಂದರೆ ಅಂತ. ಅಂಥ ಸ್ಥಿರವಾದ ತೋಳು, ಅದರ ಕೆಳಗೇ ನನ್ನದು.

ಆಮೇಲೆ ಡ್ರಾಫ್ಟ್ಸ್‌ಮನ್ನಿನ ಕಣ್ಣು ತನ್ನ ಕೆಲಸ ಶುರುಮಾಡಿತು. ಅಷ್ಟು ಭಾರ ಎಲ್ಲಿ ಕೂತಿದೆ ಅಂತ ನೋಡಿದೆ. ಬೆರಳಿನ ಮೇಲೆ ಅಲ್ಲ. ಮೊಣಕೈ ಪಕ್ಕೆಗೆ ಅಂಟಿಕೊಂಡಿತ್ತು. ತೋಳು ಗೋಡೆಯಿಂದ ಹೊರಚಾಚಿದ ತೊಲೆಯ ಹಾಗೆ, ಭಾರ ಮುಂಡಕ್ಕೆ ಇಳಿಯುತ್ತಿತ್ತು. ಬರೀ ಕೈಯಿಂದ ಅವರು ಹೊತ್ತಿರಲಿಲ್ಲ, ಮೈಯಿಂದ ಹೊತ್ತಿದ್ದರು. ಎಷ್ಟು ಕಟ್ಟಡಗಳ ನಕ್ಷೆಯಲ್ಲಿ ಇದನ್ನು ಎಳೆದಿದ್ದೇನೆ! ಆಧಾರದಿಂದ ದೂರ ಚಾಚಿದಷ್ಟೂ ತುದಿ ಅಲುಗುತ್ತದೆ. ನಾನು ಲೋಟ ಎತ್ತುತ್ತಿದ್ದದ್ದು ಮೊಣಕೈಯನ್ನು ಗಾಳಿಯಲ್ಲಿ ತೇಲಿಬಿಟ್ಟು.

ಈಗ ಕಾಫಿ ಬೇಕಿತ್ತು. ಬಡಿಸುವವರು ಬಂದು ‘ಕಾಫಿ ಸರ್?’ ಅಂದರು. ಬೈ ಟು ಅನ್ನಲು ಬಾಯಿ ತೆರೆದೆ. ಎದುರಿನ ಯುವಕ ನನ್ನ ಜೊತೆಯವನಲ್ಲ ಅಂತ ಅವರಿಗೆ ಗೊತ್ತು, ನಟಿಸುವುದಕ್ಕೂ ಜಾಗವಿರಲಿಲ್ಲ. ಹೇಳಿಬಿಟ್ಟೆ: ‘ನನ್ನ ಕೈ ನಡುಗುತ್ತೆ. ಲೋಟದಲ್ಲಿ ಅರ್ಧ ಮಾತ್ರ ಹಾಕಿಸಿ ಕೊಡ್ತೀರಾ?’ ಹದಿನೈದು ವರ್ಷದಲ್ಲಿ ಮನೆಯವರನ್ನೂ ವೈದ್ಯರನ್ನೂ ಬಿಟ್ಟು ಇನ್ನೊಬ್ಬರ ಮುಂದೆ ಆ ಮಾತು ಆಡಿದ್ದು ಅದೇ ಮೊದಲು. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

‘ಆಯ್ತು ಸರ್’ ಅಂದರು, ಹೋದರು. ಅಷ್ಟೇ. ಎರಡು ಲೋಟ ತಂದಿಟ್ಟರು. ಅರ್ಧ ಇದರಲ್ಲಿ, ಉಳಿದದ್ದು ಅದರಲ್ಲಿ. ಯಾಕೆ, ಏನಾಯ್ತು, ಶುಗರ್ರಾ, ಒಂದು ಪ್ರಶ್ನೆಯೂ ಇಲ್ಲ. ಅಯ್ಯೋ ಪಾಪ ಇಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ ಆಗಿತ್ತು ಅಂತ ಆಗ ಗೊತ್ತಾಯಿತು. ಮೊಣಕೈಯನ್ನು ಪಕ್ಕೆಗೆ ಒತ್ತಿ, ಇನ್ನೊಂದು ಕೈಯ ಬೆರಳುಗಳನ್ನು ಲೋಟದ ಬುಡಕ್ಕೆ ಆನಿಸಿ, ತಲೆಯನ್ನೇ ಸ್ವಲ್ಪ ಲೋಟದ ಕಡೆಗೆ ಬಗ್ಗಿಸಿದೆ. ನಡುಕ ಇತ್ತು, ಲೋಟದ ಒಳಗೆ ಕಾಫಿ ಅಲೆಯಾಡುತ್ತಿತ್ತು, ಆದರೆ ಅಂಚಿಗೆ ಬರಲು ಅದಕ್ಕೆ ಎತ್ತರ ಸಾಲಲಿಲ್ಲ. ಯುವಕ ಫೋನಿನಲ್ಲಿ ತನ್ನ ವಿಡಿಯೋ ನೋಡುತ್ತಾ ಇದ್ದ. ಇಷ್ಟು ವರ್ಷ ನನ್ನನ್ನು ನೋಡುತ್ತಿದ್ದಾರೆ ಅಂದುಕೊಂಡವರಲ್ಲಿ ಎಷ್ಟು ಜನ ಹೀಗೆ ತಮ್ಮ ಲೋಕದಲ್ಲೇ ಇದ್ದರೋ.

ಆ ಮೇಲೆ ಹತ್ತು ಹನ್ನೆರಡು ಸಲ ಹೋಗಿದ್ದೇನೆ. ಹಾಗಂತ ಎಲ್ಲವೂ ನಮಗೆ ಹೊಂದುತ್ತದೆ ಅಂತ ಹೇಳಲಾರೆ. ಒಂದು ಭಾನುವಾರ ಹೋಗಿ ತಪ್ಪು ಮಾಡಿದೆ. ಹೊರಗೆ ಹೆಸರು ಬರೆಸಿ ಕಾಯುವವರು, ಒಳಗೆ ಅಪರಿಚಿತರ ಜೊತೆ ಮೇಜು ಹಂಚಿಕೊಂಡು ಭುಜಕ್ಕೆ ಭುಜ ತಾಗುವ ಇಕ್ಕಟ್ಟು. ಬೇಗ ಎದ್ದು ಜಾಗ ಬಿಡಬೇಕು ಅನ್ನುವ ಅವಸರ ನಮ್ಮೊಳಗೇ ಹುಟ್ಟುತ್ತದೆ, ಅವಸರಕ್ಕೂ ನಡುಕಕ್ಕೂ ಬಲು ಗೆಳೆತನ. ಅವತ್ತು ಕಾಫಿ ಕುಡಿಯದೆ ಎದ್ದು ಬಂದೆ. ಪೂರಿ ಸಾಗು ಚೆನ್ನಾಗಿರುತ್ತದೆ, ಆದರೆ ಸಾಗು ಬಟ್ಟಲಿನಿಂದ ಬಾಯಿಗೆ ಬರುವ ದಾರಿಯಲ್ಲಿ ಅಂಗಿಗೆ ಬೀಳುತ್ತದೆ. ಖಾರಾ ವಡೆ ಧೈರ್ಯವಾಗಿ ತಗೊಳ್ಳಿ, ಅದು ಕೈಯಲ್ಲಿ ಗಟ್ಟಿಯಾಗಿ ನಿಲ್ಲುವ ತಿಂಡಿ. ಕೇಸರಿಬಾತನ್ನು ಚಮಚ ಬಿಟ್ಟು ಬೆರಳಲ್ಲೇ ತಿನ್ನುತ್ತೇನೆ, ನಮ್ಮ ಊರಲ್ಲಿ ಎಲ್ಲರೂ ತಿನ್ನುತ್ತಿದ್ದದ್ದೇ ಹಾಗೆ.

ದುಡ್ಡು ಕೊಡುವ ಹೊತ್ತಿನ ಬಗ್ಗೆ ಒಂದು ಮಾತು. ಇದು ಯಾವ ಹೋಟೆಲಿಗೂ ಅನ್ವಯ. ಫೋನಿನಿಂದ ಸ್ಕ್ಯಾನ್ ಮಾಡುವುದು ನಮ್ಮಂಥವರಿಗೆ ಕಷ್ಟ. ಕ್ಯಾಮೆರಾ ಒಂದು ಕಡೆ ನಿಲ್ಲುವುದಿಲ್ಲ, ಪಿನ್ ಒತ್ತುವಾಗ ಒಂದು ಅಂಕಿ ಎರಡು ಸಲ ಬೀಳುತ್ತದೆ, ಹಿಂದಿನವರು ಕೆಮ್ಮುತ್ತಾರೆ. ನಾನು ಹೊರಡುವಾಗಲೇ ನೋಟುಗಳನ್ನು ಮಡಿಸಿ ಎಡಜೇಬಿನಲ್ಲಿ ಇಟ್ಟುಕೊಂಡಿರುತ್ತೇನೆ. ಚಿಲ್ಲರೆಯನ್ನು ಅಂಗೈಗೆ ಹಾಕಿಸಿಕೊಳ್ಳುವುದಿಲ್ಲ, ಮೇಜಿನ ಮೇಲೆ ಇಡಲು ಹೇಳಿ, ಅಂಚಿಗೆ ಎಳೆದು ಜೇಬಿಗೆ ಬೀಳಿಸಿಕೊಳ್ಳುತ್ತೇನೆ. ಮಾತ್ರೆಯನ್ನೂ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ನುಂಗಿರುತ್ತೇನೆ, ವೈದ್ಯರನ್ನು ಕೇಳಿಯೇ ಈ ಹೊತ್ತು ಇಟ್ಟುಕೊಂಡಿದ್ದೇನೆ. ಕಾಫಿ ಕೆಲವರಿಗೆ ನಡುಕ ಹೆಚ್ಚಿಸುತ್ತದೆ ಅಂತ ಅವರು ಹೇಳಿದ್ದರು. ಒಂದು ತಿಂಗಳು ಬಿಟ್ಟು ನೋಡಿದೆ, ನನಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಕೈಯನ್ನು ನೀವೇ ನೋಡಿ ತೀರ್ಮಾನಿಸಬೇಕು.

ಗೋಡೆಯ ಮೇಲೆ ಕನ್ನಡದ ಹಿರಿಯರ ರೇಖಾಚಿತ್ರಗಳಿವೆ. ದೋಸೆ ಬರುವವರೆಗೆ ಅವುಗಳ ಗೆರೆ ನೋಡುತ್ತಾ ಕೂರುತ್ತೇನೆ. ಎಲ್ಲಿ ಪೆನ್ನು ನಿಂತಿದೆ, ಎಲ್ಲಿ ಒಂದೇ ಉಸಿರಿಗೆ ಎಳೆದಿದ್ದಾರೆ ಅಂತ ನನಗೆ ಗೊತ್ತಾಗುತ್ತದೆ. ಮೊದಮೊದಲು ಆ ಗೆರೆಗಳನ್ನು ನೋಡಿದರೆ ಸಂಕಟವಾಗುತ್ತಿತ್ತು. ಈಗ ಬರೀ ಖುಷಿಯಾಗುತ್ತದೆ.

ತಿಪಟೂರಿನಲ್ಲಿರುವ ನನ್ನ ತಂಗಿಯ ಕೈಯೂ ಎರಡು ವರ್ಷದಿಂದ ನಡುಗುತ್ತಿದೆ. ಅರಿಶಿನ ಕುಂಕುಮಕ್ಕೆ ಕರೆದರೆ ಹೋಗುವುದಿಲ್ಲ. ಮುತ್ತೈದೆಯರ ಹಣೆಗೆ ಕುಂಕುಮ ಇಡುವಾಗ ಮೂಗಿನ ಮೇಲೆಲ್ಲ ಉದುರಿತಂತೆ, ಆರತಿ ತಟ್ಟೆ ಹಿಡಿಯಲು ಹೆದರುತ್ತಾಳೆ. ಫೋನಿನಲ್ಲಿ ಈ ಹೋಟೆಲಿನ ಕಥೆ ಹೇಳಿದೆ. ‘ಅಲ್ಲಿ ತುಂಬಾ ಜನ ಇರ್ತಾರಲ್ಲಣ್ಣ’ ಅಂದಳು. ಮುಂದಿನ ವಾರ ಬರುತ್ತಿದ್ದಾಳೆ. ಮಂಗಳವಾರ ಬೆಳಗ್ಗೆ ಕರೆದುಕೊಂಡು ಹೋಗುತ್ತೇನೆ. ಶುಕ್ರವಾರ ಅಲ್ಲಿ ರಜ, ನೀವೂ ನೆನಪಿಟ್ಟುಕೊಳ್ಳಿ. ಗೋಡೆ ಪಕ್ಕದ ಕುರ್ಚಿ ಅವಳಿಗೆ ಅಂತ ಹೇಳಿದ್ದೇನೆ, ನಾನು ಈಚೆ ಕಡೆ ಕೂರುತ್ತೇನೆ. ಕಾಫಿ ಎರಡು ಹೇಳುತ್ತೇವೆ, ಲೋಟ ನಾಲ್ಕು.